ಮೂರು ಅಕ್ಷರಗಳ ಸಾಕ್ಷಿ: ಲೈಬೀರಿಯಾದ ಒಂದು ಎಬೋಲಾ ಪ್ರಕರಣ

2015ರ ಮಾರ್ಚ್ 20. ಲೈಬೀರಿಯಾದ ರಾಜಧಾನಿ ಮನ್ರೋವಿಯಾದಲ್ಲಿ ಒಬ್ಬ ಮಹಿಳೆಯ ರಕ್ತಪರೀಕ್ಷೆ ಎಬೋಲಾ ಪಾಸಿಟಿವ್ ಬಂತು. ಅವರು ಕಾಯಿಲೆ ಬಿದ್ದು ಆರು ದಿನವಾಗಿತ್ತು. ಆ ದೇಶದಲ್ಲಿ ಅದಕ್ಕೂ ಹಿಂದಿನ ರೋಗಿಯನ್ನು ಪ್ರತ್ಯೇಕವಾಗಿಟ್ಟು ಅಂದಿಗೆ ಸರಿಯಾಗಿ 30 ದಿನ. ನಡುವೆ ಒಬ್ಬರಿಗೂ ಎಬೋಲಾ ಬಂದಿರಲಿಲ್ಲ. ಹತ್ತು ಸಾವಿರಕ್ಕೂ ಜಾಸ್ತಿ ಜನ ಕಾಯಿಲೆ ಬಿದ್ದು, ನಾಲ್ಕು ಸಾವಿರಕ್ಕೂ ಜಾಸ್ತಿ ಜನ ಸತ್ತ ಒಂದು ಪುಟ್ಟ ದೇಶ ಇನ್ನೇನು ಮುಗಿಯಿತು ಎಂದುಕೊಳ್ಳುತ್ತಿದ್ದ ಹೊತ್ತು ಅದು.

ಎಬೋಲಾ ತಗುಲಿದವರಲ್ಲಿ ಲಕ್ಷಣ ಕಾಣಿಸಿಕೊಳ್ಳಲು ಹೆಚ್ಚೆಂದರೆ 21 ದಿನ ಬೇಕು. ಅದರ ಎರಡು ಪಟ್ಟು, ಅಂದರೆ 42 ದಿನ, ಹೊಸ ರೋಗಿ ಇಲ್ಲದೆ ಕಳೆದರೆ ಹರಡುವಿಕೆ ನಿಂತಿತು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಹಾಗಾದರೆ ಈ ಮಹಿಳೆಗೆ ಸೋಂಕು ಎಲ್ಲಿಂದ ಬಂತು?

ಸಾಂಕ್ರಾಮಿಕ ರೋಗ ತರುವ ರೋಗಾಣುಗಳ ಜಿನೋಮ್ (ಅವುಗಳ ತಳಿಗುಣ ಬರೆದಿರುವ ಅಕ್ಷರಗಳ ಪೂರ್ತಿ ಸಾಲು) ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಪ್ರಕರಣವನ್ನೇ. ಇದರಲ್ಲಿ ಇರುವವರು ಇಬ್ಬರೇ. ಪ್ರಕಟವಾದ ವರದಿಗಳಲ್ಲಿ ಅವರ ಹೆಸರಿಲ್ಲ. ವರದಿಗಳಲ್ಲಿರುವ ವಯಸ್ಸನ್ನೂ ನಾನು ಇಲ್ಲಿ ಬಿಟ್ಟಿದ್ದೇನೆ. ಆಕೆಯನ್ನು ‘ಮಹಿಳೆ’ ಎಂದೂ ಆತನನ್ನು ‘ಗುಣವಾದ ವ್ಯಕ್ತಿ’ ಎಂದೂ ಕರೆಯುತ್ತೇನೆ.

ಅದಕ್ಕೂ ಮೊದಲು

ಪಶ್ಚಿಮ ಆಫ್ರಿಕಾದ ಆ ಎಬೋಲಾ ಶುರುವಾಗಿದ್ದು 2013ರ ಡಿಸೆಂಬರ್‌ನಲ್ಲಿ, ಗಿನಿ ದೇಶದ ಮೆಲಿಯಾಂಡು ಎಂಬ ಹಳ್ಳಿಯಲ್ಲಿ. ಅಲ್ಲಿಂದ ಲೈಬೀರಿಯಾ, ಸಿಯೆರಾ ಲಿಯೋನ್‌ಗೆ ಹಬ್ಬಿತು. ಮುಗಿಯುವ ಹೊತ್ತಿಗೆ 28,600ಕ್ಕೂ ಹೆಚ್ಚು ರೋಗಿಗಳು, 11,300ಕ್ಕೂ ಹೆಚ್ಚು ಸಾವು.

ವೈರಸ್ಸಿನ ಜಿನೋಮ್ ಓದಿ ಹರಡುವ ದಾರಿ ಹುಡುಕುವ ಕೆಲಸಕ್ಕೆ ಅಲ್ಲಿ ಗಟ್ಟಿ ಬುನಾದಿ ಬಿದ್ದದ್ದು 2014ರಲ್ಲಿ. ಅಮೆರಿಕದ ಬ್ರಾಡ್ ಸಂಸ್ಥೆಯ ತಳಿವಿಜ್ಞಾನಿ ಪಾರ್ಡಿಸ್ ಸಬೇಟಿ ಅವರ ತಂಡ ಸಿಯೆರಾ ಲಿಯೋನ್‌ನ ಕೆನೆಮಾ ಸರ್ಕಾರಿ ಆಸ್ಪತ್ರೆಯ ಜತೆ ಲಾಸಾ ಜ್ವರ ಎಂಬ ಇನ್ನೊಂದು ವೈರಸ್ ಕಾಯಿಲೆಯ ಮೇಲೆ ಮೊದಲಿಂದಲೂ ಕೆಲಸ ಮಾಡುತ್ತಿತ್ತು. ಎಬೋಲಾ ಬಂದಾಗ ಅದೇ ತಂಡ 78 ರೋಗಿಗಳ ಮಾದರಿಗಳಿಂದ 99 ಜಿನೋಮ್ ಓದಿತು. ಓದಿದ್ದನ್ನು ಪ್ರಬಂಧ ಅಚ್ಚಾಗುವವರೆಗೆ ಬಚ್ಚಿಡಲಿಲ್ಲ. ಎಲ್ಲರಿಗೂ ಸಿಗುವಂತೆ ಆಗಲೇ ತೆರೆದಿಟ್ಟಿತು. ಆ ಪ್ರಬಂಧ ಆಗಸ್ಟ್‌ನಲ್ಲಿ ಬಂತು. ಅಷ್ಟರಲ್ಲಿ ಅದರ ಐವರು ಸಹಲೇಖಕರು ತೀರಿಕೊಂಡಿದ್ದರು. ಕೆನೆಮಾದಲ್ಲಿ ಎಬೋಲಾ ಚಿಕಿತ್ಸೆಯ ಮುಂದಾಳಾಗಿದ್ದ ಡಾ. ಶೇಖ್ ಹುಮಾರ್ ಖಾನ್ ಅವರಲ್ಲಿ ಒಬ್ಬರು. ಈ ಪ್ರಬಂಧದ ಮೊದಲ ಪುಟ ತೆರೆದಾಗೆಲ್ಲ ನನ್ನ ಕಣ್ಣು ಆ ಹೆಸರುಗಳ ಮೇಲೇ ನಿಲ್ಲುತ್ತದೆ.

ಈ ಹಿನ್ನೆಲೆ ಹೇಳಿದ್ದಕ್ಕೆ ಕಾರಣವಿದೆ. ಒಂದು ವೈರಸ್ಸಿನ ಜಿನೋಮ್ ಒಂಟಿಯಾಗಿದ್ದರೆ ಏನೂ ಹೇಳುವುದಿಲ್ಲ. ಹೋಲಿಸಿ ನೋಡಲು ನೂರಾರು ಬೇರೆ ಜಿನೋಮ್‌ಗಳು ಬೇಕು. 2014ರಲ್ಲಿ ಒಬ್ಬರು ತೆರೆದಿಟ್ಟದ್ದನ್ನು ನೋಡಿ ಇನ್ನೊಬ್ಬರು, ಮತ್ತೊಬ್ಬರು ತೆರೆದಿಟ್ಟರು. ಮಾರ್ಚ್ 2015ರಲ್ಲಿ ಮನ್ರೋವಿಯಾದ ತಂಡದ ಕೈಹಿಡಿದದ್ದು ಆ ರಾಶಿಯೇ.

ಸಿಗದ ಕೊಂಡಿ

ಸಂಪರ್ಕ ಪತ್ತೆ ಮಾಡುವವರು ಮಾಮೂಲಿ ಪ್ರಶ್ನೆಗಳಿಂದ ಶುರು ಮಾಡಿದರು. ಊರಿಂದ ಹೊರಗೆ ಹೋಗಿದ್ದಿರಾ? ಇಲ್ಲ. ಗಿನಿಯಿಂದಲೋ ಸಿಯೆರಾ ಲಿಯೋನ್‌ನಿಂದಲೋ ಯಾರಾದರೂ ಮನೆಗೆ ಬಂದಿದ್ದರಾ? ಇಲ್ಲ. ಶವಸಂಸ್ಕಾರಕ್ಕೆ? ಇಲ್ಲ. ಕಾಯಿಲೆಯವರನ್ನು ಮುಟ್ಟಿದ್ದಿರಾ? ಅದೂ ಇಲ್ಲ.

ಇಂಥ ಕಡೆ ಕೆಲಸ ಮಾಡಿದವರಿಗೆ ಗೊತ್ತು, ಇಷ್ಟಾದ ಮೇಲೆ ‘ಮೂಲ ತಿಳಿದಿಲ್ಲ’ ಎಂದು ಬರೆದು ಫೈಲ್ ಮುಚ್ಚುವುದು ಬಹಳ ಸುಲಭ. ಅಥವಾ ಎಲ್ಲೋ ಕಣ್ತಪ್ಪಿದ ರೋಗಿಗಳು ಇರಬೇಕು ಎಂದು ಊಹಿಸಿ ಇಡೀ ಬಡಾವಣೆಯನ್ನು ಜಾಲಾಡಬಹುದು. ಎರಡನೆಯ ಊಹೆಗೆ ಬಲವೂ ಇತ್ತು. ಫೆಬ್ರವರಿಯಲ್ಲಿ ಕಂಡ ಕೊನೆಯ ಸರಪಳಿ, ಅಂದರೆ ಒಬ್ಬರಿಂದ ಒಬ್ಬರಿಗೆ ಹರಡುವ ಸಾಲು, ಒಳಗೊಳಗೇ ಮುಂದುವರಿದಿದ್ದರೆ?

ಉಳಿದಿದ್ದು ಒಂದೇ ಒಂದು ಎಳೆ. ಮಾರ್ಚ್ 7ರಂದು ಆ ಮಹಿಳೆ ಒಬ್ಬ ವ್ಯಕ್ತಿಯ ಜತೆ ಕಾಂಡೋಮ್ ಇಲ್ಲದೆ ಲೈಂಗಿಕ ಸಂಪರ್ಕ ಹೊಂದಿದ್ದರು. ಆ ವ್ಯಕ್ತಿಗೆ ಹಿಂದಿನ ಸೆಪ್ಟೆಂಬರ್ 9ರಂದು ಕಾಯಿಲೆ ಶುರುವಾಗಿತ್ತು. ಅಕ್ಟೋಬರ್ 7ಕ್ಕೆ ಚಿಕಿತ್ಸಾ ಕೇಂದ್ರದಿಂದ ಮನೆಗೆ ಬಂದಿದ್ದರು. ಐದು ತಿಂಗಳಿಂದ ಆರೋಗ್ಯವಾಗಿದ್ದರು.

ಈ ಮಾತು ಎಷ್ಟು ಹೊತ್ತಲ್ಲಿ, ಎಂಥ ಸ್ಥಿತಿಯಲ್ಲಿ ಹೊರಬಂತು ಎಂದು ಒಮ್ಮೆ ಯೋಚಿಸಿ. ಒಬ್ಬರು ಸಾವಿನ ಅಂಚಿನಲ್ಲಿದ್ದಾರೆ. ಕೇಳುವವರು ಮೈತುಂಬ ರಕ್ಷಣೆಯ ಉಡುಪು ತೊಟ್ಟ ಅಪರಿಚಿತರು. ಕೇಳುತ್ತಿರುವುದು ಮನೆಯವರ ಮುಂದೆಯೂ ಹೇಳಿಕೊಳ್ಳಲಾಗದ ವಿಷಯ. ಪ್ರಶ್ನಾವಳಿಯ ಖಾನೆ ತುಂಬುವ ಧಾಟಿಯಲ್ಲಿ ಕೇಳಿದರೆ ಇದು ಸಿಗುವುದಿಲ್ಲ. ನನ್ನ ಪ್ರಕಾರ ಈ ಪ್ರಕರಣದ ಮೊದಲ ತಿರುವು ಇದೇ, ಲ್ಯಾಬ್ ಆಮೇಲೆ.

ಆ ಹೊತ್ತಿಗೆ ತಿಳಿದಿದ್ದು ಎಷ್ಟು?

ಗುಣವಾದವರ ವೀರ್ಯದಲ್ಲಿ ವೈರಸ್ ಉಳಿಯಬಹುದು ಅನ್ನುವುದು ಹೊಸ ಮಾತೇನಲ್ಲ. 1967ರಲ್ಲಿ ಜರ್ಮನಿಯ ಮಾರ್ಬರ್ಗ್‌ನಲ್ಲಿ ಎಬೋಲಾದ ಹತ್ತಿರದ ಸಂಬಂಧಿ ವೈರಸ್ ಕಾಣಿಸಿಕೊಂಡಾಗ, ಚೇತರಿಸಿಕೊಂಡ ಗಂಡನಿಂದ ಹೆಂಡತಿಗೆ ಸೋಂಕು ತಗುಲಿದ್ದು ದಾಖಲಾಗಿತ್ತು. ಎಬೋಲಾ ವೈರಸ್ಸನ್ನು ಕಾಯಿಲೆ ಶುರುವಾದ 82ನೇ ದಿನದವರೆಗೆ ವೀರ್ಯದಿಂದ ಬೆಳೆಸಲು ಆಗಿತ್ತು. ಅದರ ಆರ್‌ಎನ್‌ಎ (ಈ ವೈರಸ್ಸಿನ ಜಿನೋಮ್ ಇರುವುದು ಈ ವಸ್ತುವಿನಲ್ಲೇ) 101ನೇ ದಿನದಲ್ಲೂ ಕಂಡಿತ್ತು. ವೃಷಣ, ಕಣ್ಣಿನ ಒಳಭಾಗ ಇಂಥ ಜಾಗಗಳಲ್ಲಿ ನಮ್ಮ ರೋಗನಿರೋಧಕ ಪಡೆ ಜೋರಾಗಿ ನುಗ್ಗುವುದಿಲ್ಲ. ವೈರಸ್ ಅಲ್ಲಿ ಅಡಗಿ ಕೂರುತ್ತದೆ.

ಇದಕ್ಕೆ ನಮ್ಮ ದೇಶದಲ್ಲೇ ಒಂದು ಉದಾಹರಣೆ ಇತ್ತು. 2014ರ ನವೆಂಬರ್‌ನಲ್ಲಿ ಲೈಬೀರಿಯಾದಲ್ಲಿ ಎಬೋಲಾದಿಂದ ಗುಣವಾಗಿ ಬಂದ ಒಬ್ಬ ಭಾರತೀಯರನ್ನು ದೆಹಲಿ ವಿಮಾನ ನಿಲ್ದಾಣದಲ್ಲೇ ಪ್ರತ್ಯೇಕವಾಗಿಟ್ಟರು. ರಕ್ತ ನೆಗೆಟಿವ್. ವೀರ್ಯ ಪಾಸಿಟಿವ್. ಪತ್ರಿಕೆಗಳಲ್ಲಿ ಎರಡು ದಿನ ಸುದ್ದಿಯಾಗಿ ಮರೆತುಹೋಯಿತು.

ಇಷ್ಟೆಲ್ಲ ಗೊತ್ತಿದ್ದೂ ಗುಣವಾದ ಗಂಡಸರಿಗೆ ಆಗ ಕೊಡುತ್ತಿದ್ದ ಸಲಹೆ ಮೂರು ತಿಂಗಳದ್ದು. ಮೂರು ತಿಂಗಳು ದೂರವಿರಿ, ಇಲ್ಲವೇ ಕಾಂಡೋಮ್ ಬಳಸಿ. ನಮ್ಮ ಪ್ರಕರಣದ ವ್ಯಕ್ತಿ ಕಾಯಿಲೆ ಬಿದ್ದು ಆರು ತಿಂಗಳೇ ಆಗಿತ್ತು. ಹೇಳಿದ ಅವಧಿಯ ಎರಡರಷ್ಟು ಕಳೆದಿತ್ತು. ಇದನ್ನು ಒತ್ತಿ ಹೇಳುತ್ತೇನೆ. ಈ ಕಥೆ ಕೇಳಿದ ಎಷ್ಟೋ ಜನ ಮೊದಲು ಆತನನ್ನೇ ಬೈಯುತ್ತಾರೆ. ಆತ ಯಾವ ಸಲಹೆಯನ್ನೂ ಮೀರಿರಲಿಲ್ಲ. ತಪ್ಪಿದ್ದು ಸಲಹೆಯದು.

ಎರಡು ಮಾದರಿಗಳು

ಮಾರ್ಚ್ 23ರಂದು ಆ ವ್ಯಕ್ತಿಯ ರಕ್ತ ತೆಗೆದು, ವೈರಸ್ಸಿನ ಆರ್‌ಎನ್‌ಎ ಇದೆಯೇ ಎಂದು ನೋಡುವ ಪಿಸಿಆರ್ ಪರೀಕ್ಷೆ ಮಾಡಿದರು. ನೆಗೆಟಿವ್ ಬಂತು. ಇಲ್ಲಿಗೇ ನಿಲ್ಲಿಸಬಹುದಿತ್ತು, ಅಲ್ವಾ? ‘ಇವರಲ್ಲಿ ವೈರಸ್ ಇಲ್ಲ’ ಅಂತ ಬರೆದರೆ ಯಾರೂ ಆಕ್ಷೇಪ ಎತ್ತುತ್ತಿರಲಿಲ್ಲ. ತಂಡ ಇನ್ನೊಂದು ಹೆಜ್ಜೆ ಇಟ್ಟಿತು. ವೀರ್ಯದ ಮಾದರಿ ಕೊಡುತ್ತೀರಾ ಎಂದು ಕೇಳಿತು. ಆತ ಒಪ್ಪಿಕೊಂಡರು.

ಮಾರ್ಚ್ 27ರಂದು ಕೊಟ್ಟ ಆ ಮಾದರಿಯಲ್ಲಿ ಎಬೋಲಾ ಆರ್‌ಎನ್‌ಎ ಸಿಕ್ಕಿತು. ಕಾಯಿಲೆ ಶುರುವಾಗಿ ಅಂದಿಗೆ 199 ದಿನ. ಆವರೆಗಿನ 101 ದಿನದ ದಾಖಲೆಯ ಹತ್ತಿರ ಹತ್ತಿರ ಎರಡು ಪಟ್ಟು. ಅದೇ ದಿನ ಆ ಮಹಿಳೆ ತೀರಿಕೊಂಡರು.

ಈಗ ಕೈಯಲ್ಲಿ ಎರಡು ಮಾದರಿ: ಆಕೆಯ ರಕ್ತ, ಆತನ ವೀರ್ಯ. ಎರಡರಲ್ಲೂ ಎಬೋಲಾ ಇದೆ. ಆದರೆ ಎರಡೂ ಒಂದೇ ಎಳೆಯ ವೈರಸ್ಸೋ ಅಲ್ಲವೋ ಎಂದು ಪಿಸಿಆರ್ ಹೇಳುವುದಿಲ್ಲ. ಅದಕ್ಕೆ ಜಿನೋಮ್ ಓದಲೇಬೇಕು.

ಅದೃಷ್ಟಕ್ಕೆ ಓದುವ ಯಂತ್ರ ಲೈಬೀರಿಯಾದಲ್ಲೇ ಇತ್ತು. ಮಾದರಿಗಳನ್ನು ವಿಮಾನದಲ್ಲಿ ಅಮೆರಿಕಕ್ಕೆ ಕಳಿಸಿ, ಅನುಮತಿಗಳಿಗೆ ಕಾದು, ತಿಂಗಳುಗಟ್ಟಲೆ ಆದ ಮೇಲೆ ಉತ್ತರ ಪಡೆಯುವ ಕಾಲ ಕಳೆದಿತ್ತು. ಅಲ್ಲಿನ ಜೀವವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಅಮೆರಿಕ ಸೇನೆಯ ಸಂಶೋಧನಾ ಕೇಂದ್ರದ ನೆರವಿನಿಂದ 2015ರ ಆರಂಭದಲ್ಲಷ್ಟೇ ಸೀಕ್ವೆನ್ಸಿಂಗ್ ಶುರುವಾಗಿತ್ತು. ಹಾಗಿದ್ದೂ ಕೆಲಸ ಸಲೀಸಾಗಿ ಆಗಲಿಲ್ಲ. ಮೊದಲ ಸುತ್ತಿನಲ್ಲಿ ವೀರ್ಯದ ಮಾದರಿಯಿಂದ ಜಿನೋಮಿನ ಸ್ವಲ್ಪ ಭಾಗ ಮಾತ್ರ ಓದಲು ಬಂತು. ಓದಲು ಬಂದಷ್ಟು ಭಾಗ ಆಕೆಯ ವೈರಸ್ಸಿಗೆ ಹೊಂದುತ್ತಿತ್ತು.

ಮೇ ತಿಂಗಳಲ್ಲಿ ಬಂದ ಮೊದಲ ವರದಿ ಅದಕ್ಕೇ ತನ್ನ ತಲೆಬರಹದಲ್ಲಿ ‘ಲೈಂಗಿಕ ಸಂಪರ್ಕದಿಂದ ಹರಡಿರಬಹುದು’ ಎಂದಷ್ಟೇ ಹೇಳಿತು. ಆ ‘ಬಹುದು’ ನನಗೆ ತುಂಬ ಇಷ್ಟ. ಊರೆಲ್ಲ ಗಾಬರಿಯಲ್ಲಿದ್ದಾಗ, ಉತ್ತರ ಬೇಕು ಎಂದು ಎಲ್ಲರೂ ಒತ್ತಾಯಿಸುತ್ತಿದ್ದಾಗ, ಕೈಯಲ್ಲಿರುವ ಪುರಾವೆ ಎಷ್ಟೋ ಅಷ್ಟೇ ಮಾತಾಡುವುದು ಸುಲಭವಲ್ಲ. ಎಚ್ಚರಿಕೆ ಕೊಡಲು ಮಾತ್ರ ಅವರು ತಡಮಾಡಲಿಲ್ಲ. ಹೆಚ್ಚಿನ ಮಾಹಿತಿ ಸಿಗುವವರೆಗೆ ಗುಣವಾದವರ ವೀರ್ಯದ ಸಂಪರ್ಕ ಬೇಡ ಎಂದು ಅದೇ ವರದಿಯಲ್ಲಿ ಹೇಳಿದರು.

ಓಲೆಗರಿಯ ತಪ್ಪುಗಳ ಹಾಗೆ

ಜಿನೋಮ್ ಹೋಲಿಕೆ ಹೇಗೆ ನಡೆಯುತ್ತದೆ ಅನ್ನುವುದಕ್ಕೆ ನಮ್ಮಲ್ಲೇ ಒಳ್ಳೆಯ ಹೋಲಿಕೆ ಇದೆ. ಹಳಗನ್ನಡ ಕಾವ್ಯಗಳನ್ನು ಸಂಪಾದಿಸುವವರು ಒಂದೇ ಕಾವ್ಯದ ಹತ್ತಾರು ಓಲೆಗರಿ ಪ್ರತಿಗಳನ್ನು ಮುಂದಿಟ್ಟುಕೊಂಡು ಕೂರುತ್ತಾರೆ. ಪ್ರತಿ ಮಾಡುವವರು ಅಲ್ಲಲ್ಲಿ ಅಕ್ಷರ ತಪ್ಪಿರುತ್ತಾರೆ. ಒಬ್ಬ ಲಿಪಿಕಾರ ‘ವ’ ಇರುವ ಕಡೆ ‘ಪ’ ಬರೆದ ಎಂದುಕೊಳ್ಳಿ. ಆ ಗರಿಯನ್ನು ನೋಡಿ ಬರೆದವನೂ ‘ಪ’ ಅಂತಲೇ ಬರೆಯುತ್ತಾನೆ. ಬೇರೆ ಯಾವ ಪ್ರತಿಯಲ್ಲೂ ಇಲ್ಲದ ಮೂರು ತಪ್ಪುಗಳು ಎರಡು ಪ್ರತಿಗಳಲ್ಲಿ ಮಾತ್ರ, ಅದೇ ಅದೇ ಜಾಗದಲ್ಲಿ ಸಿಕ್ಕರೆ, ಸಂಪಾದಕರು ಏನು ತೀರ್ಮಾನಿಸುತ್ತಾರೆ? ಒಂದನ್ನು ನೋಡಿ ಇನ್ನೊಂದು ಬರೆದದ್ದು, ಇಲ್ಲವೇ ಎರಡಕ್ಕೂ ಮೂಲ ಒಂದೇ.

ಎಬೋಲಾ ಜಿನೋಮ್ ಸುಮಾರು 19,000 ಅಕ್ಷರಗಳ ಒಂದು ಗರಿ. ಜನರಿಂದ ಜನರಿಗೆ ಹರಡುತ್ತಿರುವಾಗ ಅದರಲ್ಲಿ ವರ್ಷಕ್ಕೆ ಅಂದಾಜು ಇಪ್ಪತ್ತು ಅಕ್ಷರ ಬದಲಾಗುತ್ತದೆ. ತಂಡ ಹೆಚ್ಚಿನ ಓದಿನ ನಂತರ ಆಕೆಯ ವೈರಸ್ಸನ್ನೂ ಆತನ ವೈರಸ್ಸನ್ನೂ ಪಕ್ಕಪಕ್ಕದಲ್ಲಿಟ್ಟು, ಪಶ್ಚಿಮ ಆಫ್ರಿಕಾದ ಅಷ್ಟೂ ಜಿನೋಮ್‌ಗಳ ರಾಶಿಯ ಜತೆ ಹೋಲಿಸಿತು. ಇಬ್ಬರಲ್ಲೂ ಮೂರು ಬದಲಾವಣೆಗಳು ಇದ್ದವು. ಆ ಮೂರು ರಾಶಿಯಲ್ಲಿ ಇನ್ನೆಲ್ಲೂ ಇರಲಿಲ್ಲ.

ಇನ್ನೊಂದು ವಿಷಯವೂ ಅಷ್ಟೇ ಮುಖ್ಯ. ಲೈಬೀರಿಯಾದಲ್ಲಿ ಅದಕ್ಕೂ ಮೊದಲು ದಾಖಲಾದ ಕೊನೆಯ ಸರಪಳಿಯ ವೈರಸ್ಸಿಗೂ ಇದಕ್ಕೂ ಸಂಬಂಧ ಕೂಡಲಿಲ್ಲ. ಹಳೆಯ ಸರಪಳಿ ಕಣ್ತಪ್ಪಿ ಮುಂದುವರಿದಿದೆ ಅನ್ನುವ ಊಹೆ ಇದರಿಂದ ಬಿದ್ದುಹೋಯಿತು. ಇಡೀ ಬಡಾವಣೆ ಜಾಲಾಡುವ ಅಗತ್ಯ ಉಳಿಯಲಿಲ್ಲ.

ಅಕ್ಟೋಬರ್ 2015ರಲ್ಲಿ ಪೂರ್ತಿ ಪ್ರಬಂಧ ಬಂತು. ಸೆಪ್ಟೆಂಬರ್ 9ರಿಂದ ಮಾರ್ಚ್ 7ರವರೆಗೆ ಎಣಿಸಿದರೆ 179 ದಿನ. ಅಷ್ಟು ದಿನವಾದ ಮೇಲೂ ಇನ್ನೊಬ್ಬರಿಗೆ ತಗುಲಬಲ್ಲ ಎಬೋಲಾ ವೀರ್ಯದಲ್ಲಿ ಉಳಿಯುತ್ತದೆ ಅನ್ನುವುದಕ್ಕೆ ಪುರಾವೆ ಸಿಕ್ಕಿತ್ತು.

ಜಿನೋಮ್ ಹೇಳದೆ ಬಿಟ್ಟದ್ದು

ಇಲ್ಲಿ ಒಂದು ಎಚ್ಚರಿಕೆ ಬೇಕು. ಮೂರು ಅಕ್ಷರ ಹೊಂದಿದ್ದು ಎರಡು ವೈರಸ್‌ಗಳು ತೀರಾ ಹತ್ತಿರದವು ಎಂದು ಹೇಳುತ್ತದೆ. ಯಾರಿಂದ ಯಾರಿಗೆ ಹೋಯಿತು, ಯಾವ ದಾರಿಯಲ್ಲಿ ಹೋಯಿತು ಎಂದು ಅದು ತಾನಾಗಿ ಹೇಳುವುದಿಲ್ಲ. ಆತ ಸೆಪ್ಟೆಂಬರ್‌ನಲ್ಲಿ ಕಾಯಿಲೆ ಬಿದ್ದದ್ದು, ಆಕೆ ಮಾರ್ಚ್‌ನಲ್ಲಿ ಬಿದ್ದದ್ದು, ನಡುವಿನ ಮಾರ್ಚ್ 7, ಬೇರೆ ಯಾವ ಸಂಪರ್ಕವೂ ಸಿಗದಿದ್ದದ್ದು, ಇವೆಲ್ಲ ಸೇರಿದಾಗಲೇ ದಿಕ್ಕು ಕಾಣುವುದು. ಅದೆಲ್ಲ ಬಂದದ್ದು ಮನುಷ್ಯರ ಬಾಯಿಂದ. ಪ್ರಬಂಧವೂ ಹಾಗೇ ಹೇಳುತ್ತದೆ: ಜಿನೋಮನ್ನು ಕ್ಷೇತ್ರದ ಮಾಹಿತಿಯ ಜತೆ ಸೇರಿಸಿ ನೋಡಿದಾಗ ಪುರಾವೆ ಸಿಗುತ್ತದೆ ಎಂದು.

‘ಇನ್ನೆಲ್ಲೂ ಇಲ್ಲ’ ಅನ್ನುವ ಮಾತಿನ ತೂಕವೂ ಎಷ್ಟು ಕಡೆ ಹುಡುಕಿದ್ದೇವೆ ಅನ್ನುವುದರ ಮೇಲೆ ನಿಂತಿದೆ. ಹತ್ತು ಪ್ರತಿ ನೋಡಿ ಹೇಳಿದರೆ ಒಂದು ತೂಕ, ಸಾವಿರ ನೋಡಿ ಹೇಳಿದರೆ ಇನ್ನೊಂದು. ಜನಸಮುದಾಯದ ಮಟ್ಟದಲ್ಲಿ ಜಿನೋಮ್ ಓದುವುದು ಏಕೆ ಬೇಕು ಎಂದು ಕೇಳುವ ವಿದ್ಯಾರ್ಥಿಗಳಿಗೆ ನಾನು ಕೊಡುವ ಉತ್ತರ ಇದೇ.

ಆಮೇಲೆ ಬದಲಾದದ್ದು

ಆ ಮಹಿಳೆಯಿಂದ ಮುಂದೆ ಯಾರಿಗೂ ಹರಡಲಿಲ್ಲ. ಮಾರ್ಚ್ 28ರಂದು ಸುರಕ್ಷಿತವಾಗಿ ಶವಸಂಸ್ಕಾರ ಆಯಿತು. ಅಲ್ಲಿಂದ 42 ದಿನ ಎಣಿಸಿ ಮೇ 9ರಂದು ಲೈಬೀರಿಯಾವನ್ನು ಎಬೋಲಾ ಮುಕ್ತ ಎಂದು ಘೋಷಿಸಿದರು. (ಮುಂದೆ ಕಾಯಿಲೆ ಮತ್ತೆ ತಲೆಯೆತ್ತಿತು, ಅದು ಬೇರೆ ಕಥೆ.)

ಮೂರು ತಿಂಗಳ ಸಲಹೆ ಹೋಯಿತು. ತಿಂಗಳ ಲೆಕ್ಕದ ಬದಲು ಪರೀಕ್ಷೆ ಬಂತು. ವೀರ್ಯ ಎರಡು ಸಲ ನೆಗೆಟಿವ್ ಬರುವವರೆಗೆ ಕಾಂಡೋಮ್ ಬಳಸಿ ಎಂದರು. ಸಿಯೆರಾ ಲಿಯೋನ್‌ನಲ್ಲಿ ಗುಣವಾದ 93 ಗಂಡಸರ ವೀರ್ಯದ ಮೇಲೆ ನಡೆದ ಅಧ್ಯಯನ ಇದು ಒಬ್ಬಿಬ್ಬರ ವಿಷಯವಲ್ಲ ಎಂದು ತೋರಿಸಿತು. ಕಾಯಿಲೆ ಶುರುವಾಗಿ ಎರಡು-ಮೂರು ತಿಂಗಳಾದ 9 ಜನರಲ್ಲಿ 9 ಮಂದಿಯೂ ಪಾಸಿಟಿವ್. ನಾಲ್ಕರಿಂದ ಆರು ತಿಂಗಳಾದ 40 ಜನರಲ್ಲಿ 26. ಏಳರಿಂದ ಒಂಬತ್ತು ತಿಂಗಳಾದ 43 ಜನರಲ್ಲಿ 11. ಆರ್‌ಎನ್‌ಎ ಸಿಕ್ಕಿತು ಅಂದಮಾತ್ರಕ್ಕೆ ಅದು ತಗುಲುತ್ತದೆ ಅಂತಲ್ಲ. ಆದರೆ ಮೂರು ತಿಂಗಳು ಸಾಲದು ಅನ್ನುವುದರಲ್ಲಿ ಇನ್ನು ಅನುಮಾನ ಉಳಿಯಲಿಲ್ಲ.

ಆಗ ಬಂತು ನಿಜವಾದ ಕಷ್ಟ. ಮೂರು ದೇಶಗಳಲ್ಲಿ ಎಬೋಲಾ ಗೆದ್ದು ಬಂದವರು ಹತ್ತು ಸಾವಿರಕ್ಕೂ ಜಾಸ್ತಿ. ಅವರು ಮನೆಮಂದಿಯನ್ನು ಕಳಕೊಂಡಿದ್ದರು. ಎಷ್ಟೋ ಜನಕ್ಕೆ ಬಾಡಿಗೆ ಮನೆ ಹೋಗಿತ್ತು, ಕೆಲಸ ಹೋಗಿತ್ತು. ಈಗ ‘ನಿಮ್ಮ ಮೈಯಲ್ಲಿ ಇನ್ನೂ ಇದೆ’ ಎಂದು ಊರಿಗೆಲ್ಲ ಕೇಳುವಂತೆ ಹೇಳಿದರೆ? 2020ರಲ್ಲಿ ನಮ್ಮ ರಾಜ್ಯದಲ್ಲಿ ಕೊರೊನಾ ರೋಗಿಗಳಿಗೆ ಹೆಸರಿನ ಬದಲು ‘ಪಿ’ ಸಂಖ್ಯೆ ಇತ್ತು. ಆದರೂ ಯಾವ ಬೀದಿ, ಯಾರ ಮನೆ ಎಂದು ಊರಿಗೆ ತಿಳಿಯಲು ಅರ್ಧ ದಿನ ಸಾಕಾಗುತ್ತಿತ್ತು. ಬಾಗಿಲಿಗೆ ಅಂಟಿಸಿದ ಆ ಚೀಟಿ ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಲೈಬೀರಿಯಾ ಜುಲೈ 2015ರಲ್ಲಿ ಶುರು ಮಾಡಿದ ಕಾರ್ಯಕ್ರಮಕ್ಕೆ ‘ಗಂಡಸರ ಆರೋಗ್ಯ ತಪಾಸಣೆ’ ಎಂಬ ಅರ್ಥದ ಹೆಸರಿಟ್ಟಿತು. ಹೆಸರಿನಲ್ಲಿ ಎಬೋಲಾ ಇಲ್ಲ. ಬಾಗಿಲಲ್ಲಿ ನಿಂತವರನ್ನು ನೋಡಿ ಯಾವ ಕಾಯಿಲೆಯವರು ಎಂದು ಬೋರ್ಡ್ ಓದಿ ಹೇಳಲಾಗದು. ಒಳಗೆ ಪರೀಕ್ಷೆಯ ಜತೆ ಸಲಹೆ, ಕಾಂಡೋಮ್, ಮುಂದಿನ ಸಲ ಬರುವ ದಿನ. 2016ರ ಮೇ ಹೊತ್ತಿಗೆ 429 ಜನ ಮಾದರಿ ಕೊಟ್ಟಿದ್ದರು. ಅವರಲ್ಲಿ 38 ಜನರದ್ದು ಒಮ್ಮೆಯಾದರೂ ಪಾಸಿಟಿವ್ ಬಂದಿತ್ತು. ಆ 38ರಲ್ಲಿ 24 ಜನ ಗುಣವಾಗಿ ವರ್ಷವೋ ಅದಕ್ಕೂ ಜಾಸ್ತಿಯೋ ಆದವರು.

ನಮ್ಮ ಹತ್ತಿರದ್ದು

2018ರಲ್ಲಿ ಕೇರಳದಲ್ಲಿ ನಿಪಾ ಬಂದಾಗ ಅದನ್ನು ಮೊದಲು ಗುರುತಿಸಿದ್ದು ಮಣಿಪಾಲದ ವೈರಾಣು ಸಂಶೋಧನಾ ಕೇಂದ್ರ. ಆ ತಂಡ ಗುಣವಾದ ಒಬ್ಬರ ವೀರ್ಯದಲ್ಲೂ ನಿಪಾ ಆರ್‌ಎನ್‌ಎ ಹುಡುಕಿತು. ಸಿಕ್ಕಿತು ಕೂಡ. ಅದರಿಂದ ಯಾರಿಗಾದರೂ ಹರಡಿತು ಎಂದಲ್ಲ. ಆದರೆ ರಕ್ತ ನೆಗೆಟಿವ್ ಬಂದ ಮೇಲೂ ಬೇರೆ ಕಡೆ ಹುಡುಕಬೇಕು ಅನ್ನುವ ಅಭ್ಯಾಸ ಲೈಬೀರಿಯಾದ ಈ ಪ್ರಕರಣದ ನಂತರ ಗಟ್ಟಿಯಾಯಿತು ಎಂದು ನನ್ನ ಅನಿಸಿಕೆ.

ಸಂಪರ್ಕ ಪತ್ತೆಯ ಕೆಲಸಕ್ಕೆ ಹೋಗುವವರಿಗೆ ನಾನು ಹೇಳುವುದು ಸಣ್ಣ ಸಂಗತಿಗಳೇ. ಖಾಸಗಿ ಪ್ರಶ್ನೆಯನ್ನು ಮನೆಯವರ ಮುಂದೆ ಕೇಳಬೇಡಿ. ಹೆಣ್ಣುಮಕ್ಕಳನ್ನು ಹೆಣ್ಣುಮಕ್ಕಳೇ ಮಾತಾಡಿಸಲಿ. ಏಕೆ ಕೇಳುತ್ತಿದ್ದೇವೆ, ಈ ಮಾತು ಯಾರ ಕಿವಿಗೆ ಹೋಗುವುದಿಲ್ಲ ಎಂದು ಮೊದಲೇ ಹೇಳಿ. ಆ ಮಾತು ಉಳಿಸಿಕೊಳ್ಳಿ.

ಗಿನಿ, 2021

2021ರ ಫೆಬ್ರವರಿ 14ರಂದು ಗಿನಿ ದೇಶ ಮತ್ತೆ ಎಬೋಲಾ ಘೋಷಿಸಿತು. ಮೊದಲು ಗುರುತಿಸಿದ ರೋಗಿ ಒಬ್ಬ ನರ್ಸ್. ಕಾಡಿನ ಪ್ರಾಣಿಯಿಂದ ಹೊಸದಾಗಿ ಬಂದಿರಬೇಕು ಎಂದೇ ಹೆಚ್ಚಿನವರು ಎಣಿಸಿದರು. ಜಿನೋಮ್ ಓದಿದಾಗ ಅದು 2013–16ರ ಅದೇ ಎಳೆ. ಐದು ವರ್ಷ ಜನರಿಂದ ಜನರಿಗೆ ಹರಡಿಕೊಂಡು ಬಂದಿದ್ದರೆ 110ಕ್ಕೂ ಹೆಚ್ಚು ಅಕ್ಷರ ಬದಲಾಗಿರಬೇಕಿತ್ತು. ಬದಲಾಗಿದ್ದು ಹನ್ನೆರಡು. ವೈರಸ್ ಗುಣವಾದ ಯಾರದೋ ಮೈಯಲ್ಲಿ ವರ್ಷಗಟ್ಟಲೆ ಸುಮ್ಮನೆ ಕೂತಿತ್ತು ಅನ್ನುವುದೇ ಇದಕ್ಕೆ ಹೊಂದುವ ವಿವರಣೆ.

ಅಲ್ಲಿ ಯಂತ್ರಗಳು ಇದ್ದವು. ಹೋಲಿಸಲು ಸಾವಿರಕ್ಕೂ ಹೆಚ್ಚು ಜಿನೋಮ್‌ಗಳಿದ್ದವು. ಲೆಕ್ಕ ಹಾಕುವವರೂ ಇದ್ದರು. ಆದರೆ ಆ ಮೊದಲ ಸೋಂಕು ಯಾರಿಂದ ಬಂತು ಎಂದು ಆ ಸಂಶೋಧನೆ ಖಚಿತವಾಗಿ ತೋರಿಸಲಾಗಲಿಲ್ಲ. ಮನ್ರೋವಿಯಾದಲ್ಲಿ ಎರಡನೆಯ ಮಾದರಿ ಸಿಕ್ಕಿತ್ತು. ಇಲ್ಲಿ ಪಕ್ಕದಲ್ಲಿಟ್ಟು ನೋಡಲು ಅದು ಇರಲಿಲ್ಲ.